ರಶ್ಮಿಯ ಹೆಸರಿನಲ್ಲಿ ಒಂದನೇ ಕ್ಲಾಸು

ದೇವರಾಜ ಅರಸು ಬಡಾವಣೆ, ದಾವಣಗೆರೆ
12 ಜೂನ್ 2024

ಮಗಳೇ ಗುಲ್ನಾಜ್, ನಿನ್ನ ಸೋದರತ್ತೆ ನೂರ್ಜಹಾನಳ ದುವಾ.

ನಾನಿಲ್ಲಿ ಕ್ಷೇಮ, ನೀನಲ್ಲಿ ಕ್ಷೇಮ ಎಂದು ಬರೆಯುವ ಸಾಲನ್ನು ಈ ಸಲ ಬಿಟ್ಟಿದ್ದೇನೆ. ನೀನು ಕ್ಷೇಮವಾಗಿಲ್ಲ ಎಂದು ನನಗೆ ಗೊತ್ತಾಗಿದೆ. ಫೋನ್ ಮಾಡಬಹುದಿತ್ತು. ಆದರೆ ನನ್ನ ಕಿವಿಯ ಕಥೆ ನಿನಗೆ ತಿಳಿದದ್ದೇ. ನೀನು ಕೂಗಿ ಹೇಳಬೇಕು, ನಾನು ಕೂಗಿ ಕೇಳಬೇಕು. ಹರಿಹರದ ನಿಮ್ಮ ಓಣಿಗೂ ಇಲ್ಲಿಯ ನಮ್ಮ ಓಣಿಗೂ ವಿಷಯ ತಲುಪಿದ ಮೇಲೆ ಕಡೆಗೆ ನಮಗಿಬ್ಬರಿಗೆ ತಲುಪಬೇಕು. ಅದಕ್ಕೇ ಈ ಕಾಗದ.

ಮೊನ್ನೆ ಕೆ.ಬಿ. ಬಡಾವಣೆಯ ಒಂದು ಮನೆಗೆ ಹೋಗಿದ್ದೆ, ಹಳೆಯ ಗಾದಿ ಬಿಚ್ಚಿ ಹತ್ತಿ ಹಿಂಜಿ ಮತ್ತೆ ಹೊಲಿದುಕೊಡಲು. ಆ ಮನೆಯ ಯಜಮಾನಿ ಮೆಟ್ಟಿಲ ಮೇಲೆ ಕೂತು ಸೊಸೆಯ ಗುಣಗಾನ ಮಾಡುತ್ತಿದ್ದಳು. ಸೊಸೆಯ ಹೆಸರು ರಶ್ಮಿ. ಡಿ.ಎಡ್. ಓದಿದವಳು, ಹರಿಹರದ ಟ್ರಸ್ಟ್ ಶಾಲೆಯಲ್ಲಿ ಒಂದನೇ ಕ್ಲಾಸಿನ ಮಿಸ್. ಅಷ್ಟು ಹೊತ್ತೂ ಆ ಮಿಸ್ ಒಳಗೆ ತನ್ನ ಕೂಸಿಗೆ ಅನ್ನ ಕಲಸುತ್ತಿದ್ದಳು. ಶಾಲೆ ನಡೆಯುವ ದಿನ, ನಡೆಯುವ ಹೊತ್ತು. ಇವತ್ತು ರಜೆಯೇನು ಎಂದು ಕೇಳಿದೆ.

"ದಿನಾ ಹೋಗೋದು ಏನೈತೆ ನೂರಮ್ಮ? ಸರ್ಟಿಫಿಕೇಟು ಅಲ್ಲೈತೆ, ಈಕೆ ಇಲ್ಲಿ ಅದಾಳೆ. ಸಾಹೇಬ್ರು ನೋಡಾಕೆ ಬರ್ತಾರಂದ್ರೆ ಫೋನ್ ಮಾಡ್ತಾರೆ, ಹೋಗಿ ನಿಂತು ಬರ್ತಾಳೆ."

ಹಾಗಾದರೆ ಪಾಠ ಯಾರು ಮಾಡುತ್ತಾರೆ ಎಂದೆ.

"ಅದಕ್ಕೆ ಯಾರೋ ಒಬ್ಬ ಆಯಾ ಅದಾಳಂತೆ."

ಶಾಲೆಯ ಕಾರ್ಯದರ್ಶಿಯ ಹೆಸರೇನು ಎಂದು ಮೆಲ್ಲಗೆ ಕೇಳಿದೆ. ಮಾಲತೇಶಪ್ಪ ಎಂದಳು, ನಿಮ್ಮ ಶಾಲೆಯವರೇ. ಅಲ್ಲಿಂದ ಮುಂದೆ ನಾನು ಹಾಕಿದ ಹೊಲಿಗೆಯೆಲ್ಲ ಸೊಟ್ಟ ಬಿತ್ತು. ಬಿಚ್ಚಿ ಸರಿಮಾಡಲಿಲ್ಲ. ಅದರ ಮೇಲೆಯೇ ಮಲಗಲಿ ಎಂದು ಬಿಟ್ಟು ಬಂದೆ.

ನನ್ನ ಸೋದರಸೊಸೆ ಹರಿಹರದಲ್ಲಿ ಒಂದನೇ ಕ್ಲಾಸಿನ ಮಿಸ್ ಎಂದು ನಾನು ಈ ಬಡಾವಣೆಯಲ್ಲಿ ಹೇಳದ ಮನೆಯಿಲ್ಲ. ನೀನು ಅಲ್ಲಿ ಯಾರು? ಬರೆ.

ನಿನ್ನ ಅತ್ತೆ,
ನೂರ್ಜಹಾನ್


ಹರಿಹರ
24 ಜೂನ್ 2024

ಪ್ರೀತಿಯ ಅತ್ತೆಗೆ ಸಲಾಂ.

ನಿಮ್ಮ ಪ್ರಶ್ನೆಗೆ ನನ್ನ ಬಳಿ ಎರಡು ಉತ್ತರ ಇವೆ. ಬೆಳಗಿನ ಬೆಲ್ಲಿನಿಂದ ಸಂಜೆಯ ಬೆಲ್ಲಿನವರೆಗೆ ನಾನು ಮಿಸ್. ಕಾಗದದ ಮೇಲೆ ಆಯಾ. ಎರಡೂ ನಿಜ, ಎರಡೂ ಸುಳ್ಳು.

ಡಿ.ಎಡ್. ಆಗದವಳ ಹೆಸರನ್ನು ಪಾಠದ ಪಟ್ಟಿಯಲ್ಲಿ ತೋರಿಸಿದರೆ ಶಾಲೆಯ ಮಾನ್ಯತೆಗೆ ತೊಂದರೆ. ಅದಕ್ಕೆ ಸರ್ಟಿಫಿಕೇಟು ಒಬ್ಬರದು, ಗಂಟಲು ಇನ್ನೊಬ್ಬರದು. ಅಪ್ಪ ಹಾಸಿಗೆ ಹಿಡಿದ ವರ್ಷ ನನಗೂ ಸೀಟು ಸಿಕ್ಕಿತ್ತು, ಬಿಟ್ಟೆ. ಆ ವರ್ಷದ ಮಾತನ್ನು ನಾವಿಬ್ಬರೂ ಎತ್ತುವುದಿಲ್ಲ, ಈಗಲೂ ಬೇಡ. ಅಪ್ಪ ಹೋದ ಮೇಲೆ ನಾನೂ ಅಮ್ಮನೂ ಮನೆಯಲ್ಲಿ ಗೋಡೆ ನೋಡುತ್ತ ಕೂತಿದ್ದಾಗ ಮಾಲತೇಶಪ್ಪ ಸರ್ ಕರೆದು ಕ್ಲಾಸು ಕೊಟ್ಟರು. ಅವರ ಮೇಲೆ ನನಗೆ ಸಿಟ್ಟಿಲ್ಲ. ರಶ್ಮಿಯವರನ್ನು ನಾನು ಸರಿಯಾಗಿ ಮಾತಾಡಿಸಿಯೂ ಇಲ್ಲ. ಅವರು ಬಂದ ದಿನ ನಾನು ಅಡಿಗೆಮನೆಯಲ್ಲಿರುತ್ತೇನೆ.

ಮಕ್ಕಳು ಸಿಕ್ಕಿದ್ದಾರಲ್ಲ ಅತ್ತೆ, ಅಷ್ಟು ಸಾಕು ಎಂದುಕೊಂಡಿದ್ದೇನೆ. ನನ್ನ ಕ್ಲಾಸಿನಲ್ಲಿ ಹಾಜರಿ ಕೂಗಿದರೆ ಯಾರೂ "ಎಸ್ ಮಿಸ್" ಅನ್ನುವುದಿಲ್ಲ. ಶಾಲೆಗೆ ಬರುವ ದಾರಿಯಲ್ಲಿ ಕಂಡದ್ದು ಒಂದನ್ನು ಹೇಳಬೇಕು. ಅದೇ ಹಾಜರಿ. ಹೇಳಿದ್ದನ್ನು ನಾನು ಬೋರ್ಡಿನ ಮೇಲೆ ಬರೆಯುತ್ತೇನೆ, ತಮ್ಮ ಮಾತನ್ನು ತಾವೇ ಓದುತ್ತಾರೆ. ಮೊನ್ನೆ ಅಕೀಬ್ ಎನ್ನುವವನು ಬಾತಿಗೆ ಹೋಗುವ ಬಸ್ಸಿನ ತಲೆಯ ಮೇಲೆ ಕುರಿ ಕಂಡನಂತೆ. ಕುರಿ ಎಂಬ ಪದವನ್ನು ಇಡೀ ಕ್ಲಾಸು ಇನ್ನು ಜನ್ಮದಲ್ಲಿ ಮರೆಯುವುದಿಲ್ಲ.

ದಯವಿಟ್ಟು ಯಾರಿಗೂ ಹೇಳಬೇಡಿ. ಗೊತ್ತಾದರೆ ಹೋಗುವುದು ನನ್ನ ಕ್ಲಾಸು.

ನಿಮ್ಮ
ಗುಲ್ನಾಜ್


ದಾವಣಗೆರೆ
8 ಜುಲೈ 2024

ಕಾಗದದ ಮೇಲಿನ ಆಯಾಗೆ ನಿನ್ನ ಅತ್ತೆಯ ದುವಾ.

ಸಿಟ್ಟಾಗಬೇಡ, ನಗಲಿ ಎಂದು ಬರೆದೆ. ನಕ್ಕೆಯಾದರೆ ಮುಂದೆ ಓದು. ನಗದಿದ್ದರೂ ಓದು.

ನಾನು ಶಾಲೆಯ ಕಟ್ಟೆ ಹತ್ತಿದವಳಲ್ಲ. ಬಸ್ಸಿನ ಬೋರ್ಡು ನೋಡಿ ನೋಡಿ ಅಕ್ಷರ ಕೂಡಿಸಿಕೊಂಡೆ. ದಾವಣಗೆರೆ, ಬಾತಿ, ಹರಿಹರ. ನಾನು ಓದಿದ ಮೊದಲ ಪುಸ್ತಕದಲ್ಲಿ ಇದ್ದದ್ದು ಇಷ್ಟೇ. ಯಾರೂ ನನಗೆ ಸರ್ಟಿಫಿಕೇಟು ಕೊಡಲಿಲ್ಲ, ಆದರೆ ಬೇರೆ ಯಾರದೋ ಹೆಸರು ಹೇಳಿಕೊಂಡು ನಾನು ಓದಲೂ ಇಲ್ಲ. ಒಂದು ಕಾಲದಲ್ಲಿ ಬಜಾರಿನ ಒಬ್ಬ ಅಂಗಡಿಯವನಿಗೆ ಗಾದಿ ಹೊಲಿದುಕೊಡುತ್ತಿದ್ದೆ. ನಾನು ಹೊಲಿದದ್ದಕ್ಕೆ, ಬೇರೆ ಊರಿನ ದೊಡ್ಡ ಕಂಪನಿಯ ಮಾಲು ಎಂದು ಚೀಟಿ ಅಂಟಿಸಿ ಮಾರುತ್ತಿದ್ದ. ಕೇಳಿದರೆ, "ಮಲಗೋರಿಗೆ ಯಾರು ಹೊಲಿದ್ರೆ ಏನಮ್ಮ" ಅಂದ. ಮರುದಿನದಿಂದ ಅವನ ಅಂಗಡಿಯ ಮೆಟ್ಟಿಲು ಹತ್ತಲಿಲ್ಲ. ಆ ತಿಂಗಳು ಕಷ್ಟವೇ ಆಯಿತು. ಆದರೂ ಹತ್ತಲಿಲ್ಲ.

ನಾನು ಯಾರಿಗೂ ಹೇಳುವುದಿಲ್ಲ. ಹೇಳಬೇಕಾದವಳು ನೀನು. ಮಕ್ಕಳು ಸಿಕ್ಕಿದ್ದಾರೆ, ಸಾಕು ಎನ್ನುತ್ತೀಯ. ಅವು ದಿನಾ ಕಂಡದ್ದನ್ನು ಕಂಡ ಹಾಗೆ ಹೇಳಬೇಕು, ಹೇಳಿಸುವವಳು ಮಾತ್ರ ಅಡಿಗೆಮನೆಯಲ್ಲಿ ಅಡಗಬೇಕು. ಇದು ಯಾವ ಊರಿನ ಪಾಠ?

ಮೊಹರಮ್ಮಿಗೆ ಅಮ್ಮನನ್ನು ಕರೆದುಕೊಂಡು ಬಾ. ಬೆಲ್ಲ ಹಾಕಿ ಚೋಂಗೆ ಮಾಡುತ್ತೇನೆ.

ನಿನ್ನ ಅತ್ತೆ


ಹರಿಹರ
14 ಆಗಸ್ಟ್ 2024

ಅತ್ತೆಗೆ ಸಲಾಂ.

ಹಬ್ಬಕ್ಕೆ ಬರಲಾಗಲಿಲ್ಲ. ಬರಬಾರದೆಂದು ಅಲ್ಲ. ಬಂದಿದ್ದರೆ ನಿಮ್ಮ ಮುಖ ನೋಡಬೇಕಾಗುತ್ತಿತ್ತು.

ಈಗ ನಡೆದದ್ದನ್ನು ಕೇಳಿ. ಶುಕ್ರವಾರ ಶಿಕ್ಷಣ ಕಚೇರಿಯಿಂದ ತಪಾಸಣೆಗೆ ಶಾಂತಲಾ ಮೇಡಂ ಎಂಬ ಅಧಿಕಾರಿ ಬಂದರು. ಬೆಳಿಗ್ಗೆಯೇ ರಶ್ಮಿಯವರು ದಾವಣಗೆರೆಯಿಂದ ಬಂದಿದ್ದರು, ಇಸ್ತ್ರಿ ಮಾಡಿದ ಸೀರೆಯಲ್ಲಿ. ನಾನು ಅಡಿಗೆಮನೆಗೆ ಹೋಗಿ ಬೆಳ್ಳುಳ್ಳಿ ಸುಲಿಯುತ್ತ ಕೂತೆ. ನಡುವೆ ಒಂದೇ ಗೋಡೆ, ಮೇಲೆ ಜಾಲಂದ್ರ. ಎಲ್ಲ ಕೇಳಿಸುತ್ತದೆ.

ಮಿಸ್‌ನ ಹೆಸರು ಕೇಳಿದರೆ ರಶ್ಮಿ ಮಿಸ್ ಅನ್ನಬೇಕು ಎಂದು ಸರ್ ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದರು. ಹಾಜರಿಯ ವಿಷಯ ಮಾತ್ರ ಯಾರ ತಲೆಗೂ ಹೊಳೆದಿರಲಿಲ್ಲ. ಸರ್ ನನ್ನ ಕ್ಲಾಸಿನೊಳಗೆ ಹಾಜರಿಯ ಹೊತ್ತಿಗೆ ಎಂದೂ ಬಂದವರಲ್ಲ.

ರಶ್ಮಿಯವರು ಗಣೇಶನ ಹೆಸರು ಕೂಗಿದರು. ಅವನು ಎದ್ದು, "ನಮ್ಮಜ್ಜಿ ಹಲ್ಲಿನ ಸೆಟ್ಟು ತೊಳೆದು ಕಟ್ಟೆ ಮ್ಯಾಲೆ ಒಣಗಾಕಿದ್ಲು" ಅಂದ. ರಶ್ಮಿಯವರು ಗಡಿಬಿಡಿಯಲ್ಲಿ ಮುಂದಿನ ಹೆಸರು ಕೂಗಿದರು. ರೂಪಶ್ರೀ ಎದ್ದು, ಹೊಳೆಯಲ್ಲಿ ಲಾರಿ ತೊಳೆಯುವುದನ್ನು ಕಂಡೆ ಅಂದಳು. ಮೇಡಂ ನಕ್ಕಿರಬೇಕು, ಕುರ್ಚಿ ಕಿರುಗುಟ್ಟಿತು. ಆಮೇಲೆ ಮುಬಶ್ಶಿರಾ. ಅವಳು ಶಾಲೆಯ ಎದುರು ಮನೆಯವಳು, ಅವಳಿಗೆ ದಾರಿಯೇ ಇಲ್ಲ. ಅದಕ್ಕೆ ದಿನಾ ಶಾಲೆಯೊಳಗಿನದೇ ಏನಾದರೂ ಹೇಳುತ್ತಾಳೆ.

"ಗುಲ್ನಾಜ್ ಮಿಸ್ ಅಡಿಗೆಮನೇಲಿ ಬೆಳ್ಳುಳ್ಳಿ ಸುಲಿಯಾದು ಕಂಡೆ ಮಿಸ್. ಅಳ್ತಿದ್ರು. ಈರುಳ್ಳಿ ಇರ್ಲಿಲ್ಲ."

ಸ್ವಲ್ಪ ಹೊತ್ತಿಗೆ ಮೇಡಂ ತಾವೇ ಅಡಿಗೆಮನೆಯ ಬಾಗಿಲಿಗೆ ಬಂದರು. ಹಿಂದೆ ಮಾಲತೇಶಪ್ಪ ಸರ್. ಇಲ್ಲಿ ಗುಲ್ನಾಜ್ ಮಿಸ್ ಯಾರು ಎಂದು ಕೇಳಿದರು. ಸರ್ ಆಗಲೇ "ನಮ್ಮ ಆಯಾ ಮೇಡಂ" ಎಂದಿದ್ದರು. ಮಡಿಲಲ್ಲಿದ್ದ ಸಿಪ್ಪೆಯನ್ನೆಲ್ಲ ಕೊಡವಿ ಎದ್ದು ನಿಂತೆ.

"ಒಂದನೇ ಕ್ಲಾಸು ನಂದು ಮೇಡಂ" ಅಂದೆ.

ಅಷ್ಟೇ ಅಂದದ್ದು.

ಮೇಡಂ ಬೈಯಲಿಲ್ಲ. ಇಲಾಖೆಯಲ್ಲಿ ಒಂದು ದಾರಿ ಇದೆಯಂತೆ. ತರಬೇತಿ ಆಗದವರಿಗೆ ಎರಡು ವರ್ಷದ ವಿಶೇಷ ಅನುಮತಿ. ಅಷ್ಟರಲ್ಲಿ ಮನೆಯಿಂದಲೇ ಓದಿ ತರಬೇತಿ ಮುಗಿಸಬೇಕು. ಸಮಿತಿಯ ಮುಂದೆ ಒಂದು ಪಾಠ ಮಾಡಿ ತೋರಿಸಬೇಕು. ಈ ಶಾಲೆಯಲ್ಲಿ ಯಾವಾಗಿನಿಂದ ಪಾಠ ಮಾಡುತ್ತಿದ್ದೇನೆ ಎಂದು ಶಾಲೆಯವರು ಬರೆದುಕೊಡಬೇಕು, ಅದಕ್ಕೆ ನಾನೂ ಸಹಿ ಹಾಕಬೇಕು.

ಅವರು ಹೋದ ಮೇಲೆ ಸರ್ ನನ್ನನ್ನು ಕರೆದು ಕೂಡಿಸಿದರು. ರಶ್ಮಿ ಜುಲೈವರೆಗೆ ಇದ್ದಳು, ಬಿಟ್ಟಳು. ಶುಕ್ರವಾರ ಬಂದದ್ದು ಕ್ಲಾಸು ಒಪ್ಪಿಸಿಕೊಡಲು. ಗುಲ್ನಾಜ್ ಆಗಸ್ಟಿನಲ್ಲಿ ಹೊಸದಾಗಿ ಸೇರಿದಳು. ಹಾಗೆ ಬರೆದುಕೊಡುತ್ತಾರಂತೆ. "ಹಿಂದಿಂದು ಯಾಕ ಕೆದಕ್ತೀಯವ್ವ? ನಿನಗೂ ಅನುಮತಿ ಸಿಗ್ತೈತೆ, ಶಾಲಿ ಮಾನನೂ ಉಳೀತೈತೆ" ಅಂದರು. ಮೃದುವಾಗಿಯೇ ಅಂದರು.

ನಾನಿನ್ನೂ ಉತ್ತರ ಕೊಟ್ಟಿಲ್ಲ.

ನಿಮ್ಮ
ಗುಲ್ನಾಜ್


ದಾವಣಗೆರೆ
22 ಆಗಸ್ಟ್ 2024

ಮಗಳೇ,

ಅಜ್ಜಿಯ ಹಲ್ಲಿನ ಸೆಟ್ಟಿನ ಕಡೆ ಬಂದಾಗ ನಕ್ಕು ನಕ್ಕು ಕನ್ನಡಕ ತೆಗೆದೆ. ಮುಬಶ್ಶಿರಾಳ ಕಡೆ ಬಂದಾಗ ಹಾಕಿಕೊಳ್ಳಲಾಗಲಿಲ್ಲ.

ಎದ್ದು ನಿಂತೆಯಲ್ಲ, ನನಗೆ ಅಷ್ಟು ಸಾಕು. ಇನ್ನು ಮಾಲತೇಶಪ್ಪ ಹೇಳಿದ್ದಕ್ಕೆ ಒಪ್ಪು.

ನಾನೇ ಇದನ್ನು ಬರೆಯುತ್ತಿದ್ದೇನಾ ಎಂದು ನೀನು ಕಾಗದ ತಿರುಗಿಸಿ ನೋಡುತ್ತೀಯ. ನಾನೇ. ಅಂಗಡಿಯವನ ಮೆಟ್ಟಿಲು ಇಳಿದಾಗ ನನ್ನ ಕೈಯಲ್ಲಿ ಸೂಜಿ ಇತ್ತು, ಯಾವ ಮನೆಗೆ ಹೋದರೂ ಹಳೆ ಗಾದಿ ಇತ್ತು. ನೀನು ಶಾಲೆಯ ಮೆಟ್ಟಿಲು ಇಳಿದರೆ ಮಕ್ಕಳು ಇನ್ಯಾವ ಮನೆಯಲ್ಲಿ ಇರುತ್ತಾರೆ? ಎಲ್ಲರೂ ಆ ಕ್ಲಾಸಿನಲ್ಲೇ ಇದ್ದಾರೆ. ಮತ್ತೆ, ನಮ್ಮಂಥವರು ನ್ಯಾಯ ಕೇಳಿದರೆ ನ್ಯಾಯ ಕೇಳಿದಳು ಎಂದು ಯಾರೂ ಅನ್ನುವುದಿಲ್ಲ. ಜಗಳಗಂಟಿ ಅನ್ನುತ್ತಾರೆ. ಆಮೇಲೆ ಯಾವ ಶಾಲೆಯೂ ಒಳಗೆ ಬಿಡುವುದಿಲ್ಲ.

ಹಳೆಯ ತಾರೀಕು ಬಿಡು. ಮುಂದಿನದು ನಿನ್ನದಾಗಲಿ. ನಿಮ್ಮಮ್ಮನ ಮುಖ ನೋಡು.

ನಿನ್ನ ಅತ್ತೆ


ಹರಿಹರ
3 ಸೆಪ್ಟೆಂಬರ್ 2024

ಅತ್ತೆ,

ಅಮ್ಮನ ಮುಖ ನೋಡಿದೆ. ಅವರು, "ನಿಮ್ಮತ್ತೆಗೆ ವಯಸ್ಸಾತು ಅಂತ ಬರಿ" ಅಂದರು.

ನಾನು ಮೊದಲ ವರ್ಷ ಕಲಿಸಿದ ಮಕ್ಕಳು ಈಗ ಆರನೇ ಕ್ಲಾಸಿನಲ್ಲಿದ್ದಾರೆ. ಆಗಸ್ಟಿನಲ್ಲಿ ಸೇರಿದೆ ಎಂದು ಸಹಿ ಹಾಕಿದರೆ ಅವರಿಗೆ ಓದು ಕಲಿಸಿದವರು ಯಾರು? ಕರೋನಾ ವರ್ಷ ಶಾಲೆಗೆ ಬೀಗ ಹಾಕಿದ್ದಾಗ, ಹೊಳೆಗೆ ಹೋಗುವ ದಾರಿಯ ಕಟ್ಟೆ ಕಟ್ಟೆಯ ಮೇಲೆ ಮೂರ್ಮೂರು ಮಕ್ಕಳನ್ನು ದೂರ ದೂರ ಕೂಡಿಸಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಅಕ್ಷರ ತಿದ್ದಿಸಿದವರು ಯಾರು? ರಶ್ಮಿಯವರೇ? ಅವರು ಆಗ ಹರಿಹರವನ್ನೇ ನೋಡಿರಲಿಲ್ಲ.

ಅನುಮತಿ ನನಗೆ ಬೇಕು. ಕೈಚಾಚಿ ಕೇಳುತ್ತಿದ್ದೇನೆ, ನಾಚಿಕೆಯಿಲ್ಲ. ತರಬೇತಿ ಇಲ್ಲ ಎಂದು ಬರೆಯಲಿ, ಅದು ನಿಜ. ಕಲಿಯುತ್ತೇನೆ. ಆದರೆ ನಾನು ಇರಲೇ ಇಲ್ಲ ಎಂದು ಬರೆದ ಕಾಗದಕ್ಕೆ ಸಹಿ ಹಾಕುವುದಿಲ್ಲ. ಸರ್‌ಗೂ ಹಾಗೇ ಹೇಳಿದೆ.

"ಹಂಗಾದ್ರೆ ಸೋಮವಾರದಿಂದ ಬರಬ್ಯಾಡ" ಅಂದರು. ಈಗ ರಶ್ಮಿಯವರು ದಿನಾ ಬಸ್ಸಿನಲ್ಲಿ ಬರುತ್ತಾರೆ. ನಾನು ಮನೆಯಲ್ಲಿದ್ದೇನೆ.

ಇದಕ್ಕೆ ಉತ್ತರ ಬರೆಯಬೇಡಿ. ಒಪ್ಪು ಎಂಬ ಮಾತನ್ನು ನಾನು ಎಲ್ಲರಿಂದಲೂ ನಿರೀಕ್ಷಿಸಿದ್ದೆ, ನಿಮ್ಮೊಬ್ಬರನ್ನು ಬಿಟ್ಟು.

ಗುಲ್ನಾಜ್


ದಾವಣಗೆರೆ
20 ಅಕ್ಟೋಬರ್ 2024

ಗುಲ್ನಾಜ್,

ಬರೆಯಬೇಡ ಅಂದೆ, ಇಷ್ಟು ದಿನ ಬರೆಯಲಿಲ್ಲ. ಈಗ ಬರೆಯುತ್ತಿರುವುದು ಉತ್ತರವಲ್ಲ, ಸುದ್ದಿ. ಓದಿ ಬೈಯುವುದಿದ್ದರೆ ಬೈ.

ಕೆ.ಬಿ. ಬಡಾವಣೆಯ ಮನೆಗೆ ಹೋಗಿದ್ದೆ. ಜೂನಿನಲ್ಲಿ ಹಾಕಿದ ಹೊಲಿಗೆ ಸೊಟ್ಟ ಆಗಿದೆ, ಸರಿಮಾಡುತ್ತೇನೆ ಎಂಬುದು ನೆಪ. ರಶ್ಮಿಯ ಮುಖಕ್ಕೆ ನಾಲ್ಕು ಮಾತು ಅಂದು ಬರಬೇಕೆಂಬುದು ಆಸೆ. ಆದಿತ್ಯವಾರ, ಅವಳು ಮನೆಯಲ್ಲೇ ಇದ್ದಳು. ಗಾದಿಯನ್ನು ಮಹಡಿಗೆ ಹಾಕಿಸಿಕೊಂಡೆ, ಅವಳ ಅತ್ತೆಯ ಕಣ್ಣು ತಪ್ಪಲೆಂದು. ಅವಳು ಚಹಾ ಹಿಡಿದು ಮೇಲೆ ಬಂದಳು. ನಾನು ಗುಲ್ನಾಜಳ ಸೋದರತ್ತೆ ಅಂದೆ. ಲೋಟ ಕೆಳಗಿಟ್ಟು ಅಲ್ಲೇ ಹತ್ತಿಯ ರಾಶಿಯ ಪಕ್ಕ ಕೂತುಬಿಟ್ಟಳು. ನಾನು ಕಟ್ಟಿಕೊಂಡು ಹೋಗಿದ್ದ ನಾಲ್ಕು ಮಾತಿನಲ್ಲಿ ಒಂದನ್ನೂ ಆಡಲು ಬಿಡಲಿಲ್ಲ.

ಹಾಜರಿ ಕೂಗಿದರೆ ಮಕ್ಕಳು "ಎಸ್ ಮಿಸ್" ಅನ್ನುತ್ತವಂತೆ. ಒಂದೊಂದೂ.

"ದಾರೀಲಿ ಏನ್ ಕಂಡ್ರಿ ಅಂತ ನಾನೇ ಕೇಳಿದೆ ಅಮ್ಮ. ಏನೂ ಕಂಡಿಲ್ಲ ಅಂತಾವೆ. ದಿನಾ ಅದೇ. ಅಷ್ಟು ದೂರದಿಂದ ಬರೋ ಹುಡುಗ್ರು, ಏನೂ ಕಂಡಿಲ್ಲ ಅಂತಾವೆ."

ಅವಳೂ ಪಾಠ ಮಾಡಬೇಕೆಂದೇ ಓದಿದವಳಂತೆ. ಮದುವೆಯಾದ ಮೇಲೆ ಸರ್ಟಿಫಿಕೇಟನ್ನು ಕಳಿಸಿದರು, ಇವಳನ್ನು ಕಳಿಸಲಿಲ್ಲ. "ಐದು ವರ್ಷ ನನ್ನ ಹೆಸರು ಶಾಲಿಗೆ ಹೋಗಿ ಬಂತು. ನಾನು ಈ ಮನೇಲೇ ಇದ್ದೆ" ಅಂದಳು. ಸೆಪ್ಟೆಂಬರಿಗೆ ಮೊದಲು ಒಂದು ದಿನವೂ ಪಾಠ ಮಾಡಿಲ್ಲ, ಈ ಶಾಲೆಯ ಪಟ್ಟಿಯಿಂದ ನನ್ನ ಹೆಸರು ತೆಗೆಯಿರಿ ಎಂದು ಶಾಂತಲಾ ಮೇಡಂಗೆ ಬರೆದುಕೊಡುತ್ತಾಳಂತೆ. ನಿನಗೇ ತೊಂದರೆಯಾಗುತ್ತದಲ್ಲ ತಾಯಿ ಅಂದೆ. ಆಗುತ್ತದೆ ಅಂದಳು. ಅಷ್ಟರಲ್ಲಿ ಕೆಳಗಿನಿಂದ ಅವಳ ಅತ್ತೆ ಕೂಗಿದಳು, ನನಗೂ ಕೇಳಿಸಿತು ಎಂದರೆ ಎಷ್ಟು ಜೋರು ಎಂದು ತಿಳಿದುಕೋ. ರಶ್ಮಿ ಏಳಲಿಲ್ಲ. ಚಹಾ ಮುಗಿಯುವವರೆಗೆ ಕೂತೇ ಇದ್ದಳು.

ನಾನು ಅವಳಿಗೆ ಬರೆ ಎಂದು ಹೇಳಲಿಲ್ಲ, ಖುದಾನ ಆಣೆ. ಬೇಡ ಎಂದೂ ಹೇಳಲಿಲ್ಲ.

ಆಗಸ್ಟಿನಲ್ಲಿ ನಿನಗೆ ಬರೆದ ಕಾಗದ ಒಲೆಗೆ ಹಾಕು. ಹೆದರಿಕೆ ಬರೆಸಿದ್ದು ಅದು. ನೀನು ಹೆದರದೆ ಇದ್ದದ್ದನ್ನು ನೋಡಿ ನನಗೆ ಇನ್ನಷ್ಟು ಹೆದರಿಕೆಯಾಗಿತ್ತು. ಈಗ ಇಲ್ಲ. ನಿಮ್ಮಮ್ಮನಿಗೆ ಹೇಳು, ವಯಸ್ಸು ನನಗೆ ಆಗಿರುವುದು ಮೊಣಕಾಲಿಗೆ ಮಾತ್ರ.

ನೂರ್ಜಹಾನ್


ಹರಿಹರ
18 ಜನವರಿ 2025

ನನ್ನ ಅತ್ತೆಗೆ ಗುಲ್ನಾಜಳ ಸಲಾಂ, ಅಮ್ಮನ ಸಲಾಂ.

ನಿಮ್ಮ ಕಾಗದ ಓದಿ ಮೊದಲು ಸಿಟ್ಟೇ ಬಂತು. ನನ್ನ ಜಗಳಕ್ಕೆ ನೀವು ಯಾಕೆ ಹೋಗಬೇಕಿತ್ತು ಎಂದು. ಆಮೇಲೆ ರಶ್ಮಿಯವರು ನಮ್ಮ ಮನೆ ಹುಡುಕಿಕೊಂಡು ಬಂದರು. ಬರೆದದ್ದನ್ನು ಕಚೇರಿಗೆ ಕೊಡುವ ಮೊದಲು ನನಗೆ ಓದಿ ತೋರಿಸಿದರು. ಯೋಚನೆ ಮಾಡಿ ಎಂದೆ. "ಯೋಚನೆ ಮಾಡಿ ಮಾಡೇ ಐದು ವರ್ಷ ಹೋತು" ಅಂದರು. ಕೊಟ್ಟರು.

ಆಮೇಲೆ ಎಲ್ಲ ತಾನಾಗಿ ಉರುಳಿತು. ಶಾಲೆಯ ಮಾನ್ಯತೆ ಈ ವರ್ಷ ಹೊಸದಾಗಬೇಕು. ಒಂದನೇ ಕ್ಲಾಸಿನ ಎದುರು ಹೆಸರೇ ಇಲ್ಲ. ನಡು ವರ್ಷದಲ್ಲಿ ತರಬೇತಿ ಆದವರು ಯಾರೂ ಸಿಗಲಿಲ್ಲ. ದೀಪಾವಳಿ ಕಳೆದ ಮೇಲೆ ಒಂದು ಸಂಜೆ ಮಾಲತೇಶಪ್ಪ ಸರ್ ಬಂದರು. ಅಮ್ಮ "ಬರ್ರಿ, ಕೂಡ್ರಿ" ಅಂದು ಕುರ್ಚಿ ಕೊಟ್ಟು ಒಳಗೆ ಹೋದರು, ಚಹಾ ಮಾತ್ರ ಬಹಳ ಹೊತ್ತು ತರಲಿಲ್ಲ. ಸರ್ ಸೀಲಿಂಗ್ ಫ್ಯಾನು ನೋಡುತ್ತ, ಆಗಸ್ಟಿನ ಬದಲು ಜೂನ್ ಅಂತ ಹಾಕಿದರೆ ಆಗುತ್ತದಾ ಎಂದು ಕೇಳಿದರು. ಯಾವ ಜೂನು ಸರ್ ಎಂದೆ. ಈ ವರ್ಷದ್ದು ಅಂದರು. ಆಗುವುದಿಲ್ಲ ಅಂದೆ.

"ನಿನ್ನ ಹಟಕ್ಕೆ ಶಾಲಿಗೆ ನೋಟಿಸ್ ಬರ್ತೈತೆ ಗೊತ್ತೈತಾ?"

"ಬರ್ಲಿ ಸರ್. ನೋಟಿಸ್‌ನಾಗಾದ್ರೂ ನನ್ನ ಹೆಸರು ಇರ್ತೈತೆ."

ಮೂರು ದಿನ ಬಿಟ್ಟು ನಿಜವಾದ ತಾರೀಕು ಹಾಕಿ ಬರೆದುಕೊಟ್ಟರು. ನೋಟಿಸೂ ಬಂತು, ದಂಡವೂ ಬಿತ್ತು. ಅವರು ನನ್ನ ಜೊತೆ ಈಗ ಮಾತು ಕಡಿಮೆ ಮಾಡಿದ್ದಾರೆ. ಆದರೂ ಸಮಿತಿಯ ದಿನ ದಾವಣಗೆರೆಗೆ ತಾವೇ ಜೊತೆಗೆ ಬಂದರು, ಹೊರಗಿನ ಬೆಂಚಿನ ಮೇಲೆ ಮಧ್ಯಾಹ್ನದವರೆಗೆ ಕೂತಿದ್ದರು. ಅದನ್ನೂ ಬರೆಯಬೇಕಲ್ಲ.

ಪಾಠ ಹೇಗಾಯಿತು ಎಂದು ಕೇಳುತ್ತೀರಿ. ನನ್ನ ಮಕ್ಕಳಲ್ಲ, ಅಲ್ಲಿಯ ಶಾಲೆಯ ಮಕ್ಕಳು. ದಾರಿಯಲ್ಲಿ ಕಂಡದ್ದು ಹೇಳಿ ಎಂದರೆ ಮೊದಲು ಒಬ್ಬರೂ ಬಾಯಿ ಬಿಡಲಿಲ್ಲ. ಬಾಯಿ ಬಿಟ್ಟ ಮೇಲೆ ಮುಚ್ಚಲಿಲ್ಲ. ಸಮಿತಿಯ ಒಬ್ಬರು ನನ್ನ ಅಕ್ಷರ ಹಿಂದಿನ ಸಾಲಿಗೆ ಕಾಣುವುದಿಲ್ಲ, ನಾನು ಬೋರ್ಡಿಗೆ ಅಡ್ಡ ನಿಲ್ಲುತ್ತೇನೆ ಎಂದರು. ಅದು ಸರಿಯೇ. ಐದು ವರ್ಷ ಯಾರೂ ಹೇಳಿರಲಿಲ್ಲ. ಆಯಾಗೆ ಯಾರು ಹೇಳುತ್ತಾರೆ?

ಎರಡು ವರ್ಷದ ಅನುಮತಿ ಸಿಕ್ಕಿದೆ, ಕ್ಲಾಸಿಗೆ ಮರಳಿದ್ದೇನೆ. ತರಬೇತಿಗೂ ಸೇರಿದ್ದೇನೆ, ರಾಶಿ ಪುಸ್ತಕ ಬಂದಿವೆ. ರಶ್ಮಿಯವರಿಗೆ ಕಚೇರಿಯಿಂದ ವಿವರಣೆ ಕೇಳಿ ಪತ್ರ ಬಂದಿದೆ, ಹೆಸರು ಯಾಕೆ ಕೊಟ್ಟಿರಿ ಎಂದು. ಅವರ ಮನೆಯಲ್ಲಿ ಮಾತುಕತೆ ನಿಂತಿದೆಯಂತೆ. ಬರುವ ಆದಿತ್ಯವಾರ ದಾವಣಗೆರೆಗೆ ಬಂದು ಅವರ ಜೊತೆ ಕೂತು ಉತ್ತರ ಬರೆಯುತ್ತೇನೆ. ನಿಮ್ಮ ಮನೆಯಲ್ಲೇ ಕೂಡುತ್ತೇವೆ, ಜಾಗ ಮಾಡಿಡಿ.

ಅನುಮತಿ ಪತ್ರದಲ್ಲಿ ನನ್ನ ಹೆಸರಿನ ಮುಂದೆ "ತರಬೇತಿ ಪಡೆಯದ ಶಿಕ್ಷಕಿ" ಎಂದು ಬರೆದಿದ್ದಾರೆ. ಸರ್ ಅದನ್ನು ಫೈಲಿನಲ್ಲಿಡು, ಪೋಷಕರು ನೋಡಿದರೆ ಚೆನ್ನಾಗಿರುವುದಿಲ್ಲ ಎಂದರು. ನಾನು ಕ್ಲಾಸಿನ ಬಾಗಿಲಿಗೆ ಅಂಟಿಸಿದ್ದೇನೆ, ಓದಬಲ್ಲವರ ಕಣ್ಣಿನ ಎತ್ತರಕ್ಕೆ. ಮೊನ್ನೆ ಗಣೇಶನ ತಂದೆ ಓದಿ, ಇದೇನು ಮಿಸ್, ನಿಮಗೆ ಟ್ರೇನಿಂಗ್ ಆಗಿಲ್ಲವಾ ಎಂದು ಕೇಳಿದರು. ಆಗಿಲ್ಲ, ಆಗುತ್ತಿದೆ ಎಂದೆ. ಒಳಗೆ ಬಂದು ಕೂಡ್ರಿ, ನಿಮ್ಮ ಮಗ ಓದುವುದನ್ನು ಕೇಳ್ರಿ ಎಂದೆ. ಕೂತರು.

ಇನ್ನು ಮೇಲೆ ನನ್ನ ಸಹಿ ಹೀಗಿರುತ್ತದೆ. ರೂಢಿ ಮಾಡಿಕೊಳ್ಳಿ.

ಗುಲ್ನಾಜ್ ಮುನಾಫ್
ತರಬೇತಿ ಪಡೆಯದ ಶಿಕ್ಷಕಿ, ಒಂದನೇ ತರಗತಿ
ಸೇವೆಗೆ ಸೇರಿದ್ದು: ಜೂನ್ 2019